ಸಂಕ್ರಾಂತಿಯ ಉಂಧಿಯು: ಹಾಲು, ತುಪ್ಪ ಇಲ್ಲದ ಹಬ್ಬದ ಆರ್ಡರಿಗೆ ಒಂದು ಪಾಠ



ಡಿಸೆಂಬರ್ ಕೊನೆಯ ವಾರದಿಂದ ಜನವರಿ 15ರ ತನಕ ನಮಗೆಲ್ಲ ಆರ್ಡರಿನ ಕಾಲ. ಕ್ರಿಸ್ಮಸ್ ರಜೆ, ಹೊಸ ವರ್ಷ, ಸೊಸಾಯಿಟಿಯವರ ಕೂಟ, ಆಫೀಸಿನವರ ಪಾರ್ಟಿ, ಕೊನೆಗೆ ಮಕರ ಸಂಕ್ರಾಂತಿ. ಮೊದಲೆಲ್ಲ ಆರ್ಡರ್ ಕೊಡಲು ಬಂದವರು ಕೇಳುತ್ತಿದ್ದುದು ಎರಡೇ ಪ್ರಶ್ನೆ. ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ ಆಗುತ್ತದೆಯೇ? ಜೈನ್ ಸಿಗುತ್ತದೆಯೇ? ಈಗ ಮೂರನೆಯದೊಂದು ಸೇರಿದೆ. ವೀಗನ್ ಏನಿದೆ?

ಈ ಪ್ರಶ್ನೆಗೆ ನಮ್ಮಲ್ಲಿ ಹಲವರು ಬೋರ್ಡ್ ತೋರಿಸಿ, "ನಮ್ಮದು ಪ್ಯೂರ್ ವೆಜ್, ಚಿಂತೆ ಬೇಡ" ಎಂದುಬಿಡುತ್ತಾರೆ. ಇದು ಸರಿಯಾದ ಉತ್ತರ ಅಲ್ಲ. ಪ್ಯೂರ್ ವೆಜ್ ಅಡುಗೆಯಲ್ಲಿ ಹಾಲು, ಮೊಸರು, ಬೆಣ್ಣೆ, ತುಪ್ಪ, ಪನೀರ್, ಜೇನು ಎಲ್ಲವೂ ಇರಬಹುದು. ಪ್ಯಾಕೆಟ್ಟಿನ ಮೇಲಿನ ಹಸಿರು ಚುಕ್ಕೆಯೂ ಹಾಲಿನ ಪದಾರ್ಥಕ್ಕೆ ಸಲ್ಲುತ್ತದೆ. ವೀಗನ್ ಎಂದರೆ ಪ್ರಾಣಿಯಿಂದ ಬಂದದ್ದು ಯಾವುದೂ ಕೂಡದು, ಹಾಲು ಮತ್ತು ಜೇನು ಸಹ. ಕೆಲವರು ಇದನ್ನು ತತ್ವ ಎಂದು ಪಾಲಿಸುತ್ತಾರೆ. ಇನ್ನು ಕೆಲವರ ಮನೆಯಲ್ಲಿ ಹಾಲು ಮೈಗೆ ಆಗದ ಮಗು ಇರುತ್ತದೆ. ಅಂಥವರಿಗೆ ಒಂದು ಚಮಚ ಮೊಸರು ಕೂಡ ಆಸ್ಪತ್ರೆಯ ದಾರಿ ತೋರಿಸಬಹುದು. ಆದ್ದರಿಂದ ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಹಾಗೆಂದು ಹೊಸ ತಿಂಡಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ವಿದೇಶದವರು ಹಬ್ಬಕ್ಕೆ ಕ್ಯಾಸರೋಲ್ ಎಂದು ಮಾಡುತ್ತಾರೆ, ಒಂದೇ ಪಾತ್ರೆಯಲ್ಲಿ ತರಕಾರಿಯನ್ನು ಪದರ ಪದರವಾಗಿ ಹಾಕಿ, ಮುಚ್ಚಿ, ನಿಧಾನ ಬೇಯಿಸುವುದು. ಅದೇ ಕ್ರಮದ, ಅದಕ್ಕಿಂತ ರುಚಿಯಾದ ಅಡುಗೆ ನಮ್ಮ ಪಕ್ಕದ ಗುಜರಾತಿ ಗಿರಾಕಿಗಳ ಮನೆಯಲ್ಲೇ ಇದೆ. ಅದೇ ಉಂಧಿಯು. ಅದು ಹುಟ್ಟಿನಿಂದಲೇ ಎಣ್ಣೆಯ ಅಡುಗೆ. ಸೂರತ್‌ನವರು ಮಾಡುವ ಕ್ರಮವನ್ನು ನಾವು ಕೆಡಿಸದಿದ್ದರೆ ಸಾಕು, ಹಬ್ಬದ ಆರ್ಡರ್ ಮತ್ತು ವೀಗನ್ ಆರ್ಡರ್ ಎರಡನ್ನೂ ಒಂದೇ ಪಾತ್ರೆಯಿಂದ ಪೂರೈಸಬಹುದು. ಕೆಡುವುದು ನಮ್ಮ ಅಡ್ಡದಾರಿಗಳಿಂದ. ಆ ಅಡ್ಡದಾರಿಗಳು ಯಾವುವು, ಸರಿಯಾದ ದಾರಿ ಯಾವುದು ಎಂಬುದೇ ಈ ಪಾಠ.

1. ಉಂಧಿಯು ಎಂದರೇನು

ಗುಜರಾತಿಯಲ್ಲಿ 'ಉಂಧು' ಎಂದರೆ ಬೋರಲು, ತಲೆಕೆಳಗು. ಹಿಂದೆ ಮಣ್ಣಿನ ಮಡಕೆಯಲ್ಲಿ ತರಕಾರಿ ತುಂಬಿಸಿ, ಬಾಯಿಗೆ ಸೊಪ್ಪು ತುರುಕಿ, ಮಡಕೆಯನ್ನು ಬೋರಲು ಇಟ್ಟು ಸುತ್ತಲೂ ಬೆಂಕಿ ಹಾಕಿ ಬೇಯಿಸುತ್ತಿದ್ದರು. ಹೆಸರು ಬಂದದ್ದು ಹಾಗೆ. ವಲ್ಸಾಡ್ ಕಡೆಯ ಹೈವೇ ಬದಿಯಲ್ಲಿ ಚಳಿಗಾಲದಲ್ಲಿ ಇಂದೂ ಇದೇ ರೀತಿ ಮಡಕೆಯಲ್ಲಿ ಬೇಯಿಸಿದ 'ಉಬಾಡಿಯು' ಮಾರುತ್ತಾರೆ.

ಹೋಟೆಲಿನವರಾದ ನಮಗೆ ಬೇಕಾದದ್ದು ಎರಡು ಬಗೆ. ಒಂದು ಸುರ್ತಿ ಉಂಧಿಯು. ಇದು ಹಸಿರು. ಕೊತ್ತಂಬರಿ ಸೊಪ್ಪು, ಹಸಿ ಬೆಳ್ಳುಳ್ಳಿ ಸೊಪ್ಪು, ತೆಂಗಿನತುರಿ, ಹಸಿಮೆಣಸು ಇದರ ಜೀವಾಳ. ಸ್ವಲ್ಪ ಸಿಹಿ ಇರುತ್ತದೆ. ಇನ್ನೊಂದು ಕಾಠಿಯಾವಾಡಿ. ಇದು ಕೆಂಪು, ಒಣಮೆಣಸಿನ ಪುಡಿ ಮತ್ತು ಎಣ್ಣೆ ಮುಂದು. ಮುಂಬಯಿಯ ಘಾಟ್‌ಕೋಪರ್, ಮುಲುಂಡ್, ಕಾಂದಿವಲಿ, ಬೊರಿವಲಿ ಕಡೆ ಹಬ್ಬಕ್ಕೆ ಕೇಳುವುದು ಹೆಚ್ಚಾಗಿ ಸುರ್ತಿ. ಈ ಪಾಠವೂ ಅದರದ್ದೇ.

ಗುಜರಾತಿಗಳು ಜನವರಿ 14ರಂದು ಉತ್ತರಾಯಣ, ಮಾರನೆಯ ದಿನ ವಾಸಿ ಉತ್ತರಾಯಣ ಎಂದು ಎರಡು ದಿನ ಆಚರಿಸುತ್ತಾರೆ. ಮನೆಯವರೆಲ್ಲ ಟೆರೇಸಿನ ಮೇಲೆ ಗಾಳಿಪಟ ಹಾರಿಸುತ್ತಾರೆ. ಅಡುಗೆಮನೆಯಲ್ಲಿ ನಿಲ್ಲಲು ಯಾರಿಗೂ ಪುರುಸೊತ್ತಿಲ್ಲ. ಆದ್ದರಿಂದಲೇ ಅವತ್ತು ಉಂಧಿಯು ಹೊರಗಿನಿಂದ ಕಿಲೋ ಲೆಕ್ಕದಲ್ಲಿ ಬರುತ್ತದೆ. ನಮ್ಮ ಉತ್ತರ ಕರ್ನಾಟಕದಲ್ಲಿ ಭೋಗಿಯ ದಿನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗೆ ಬೆರಕೆ ತರಕಾರಿಯ ಪಲ್ಯ ಮಾಡುವುದಿಲ್ಲವೇ, ಮಹಾರಾಷ್ಟ್ರದವರು ಭೋಗಿಚಿ ಭಾಜಿ ಮಾಡುವುದಿಲ್ಲವೇ, ಎಲ್ಲವೂ ಒಂದೇ ಋತುವಿನ ತರಕಾರಿಯ ಹಬ್ಬ. ನಮ್ಮ ಭಟ್ಟರಿಗೆ ಇದು ಪರಕೀಯ ಅಡುಗೆ ಆಗಬೇಕಾದ್ದಿಲ್ಲ.

2. ಮಾರ್ಕೆಟ್ಟಿನಲ್ಲಿ ನೋಡಬೇಕಾದದ್ದು

ಪಾಪ್ಡಿ: ಉಂಧಿಯುವಿನ ಯಜಮಾನ ಪಾಪ್ಡಿ, ನಮ್ಮ ಅವರೆಯ ಜಾತಿ. ಸುರ್ತಿ ಪಾಪ್ಡಿ ಎಳೆಯದಾಗಿರಬೇಕು, ಮುರಿದರೆ ಟಕ್ಕೆಂದು ಮುರಿಯಬೇಕು. ಕಾಳು ಉಬ್ಬಿ ಸಿಪ್ಪೆ ಹಳದಿಯಾಗಿದ್ದರೆ ಬೇಡ. ಎರಡೂ ಬದಿಯ ನಾರು ತೆಗೆದು, ಪ್ರತಿಯೊಂದನ್ನೂ ಬಿಡಿಸಿ ಹುಳ ಇದೆಯೇ ನೋಡಬೇಕು. ಇಲ್ಲಿ ಸೋಮಾರಿತನ ಮಾಡಿದರೆ ಹಬ್ಬದ ದಿನ ಗಿರಾಕಿಯ ಪ್ಲೇಟಿನಲ್ಲಿ ಹುಳ ಕಾಣಿಸುತ್ತದೆ. ಹೈದರಾಬಾದ್, ಚೆನ್ನೈ, ದಿಲ್ಲಿಯ ಬಂಧುಗಳಿಗೆ ಸುರ್ತಿ ಪಾಪ್ಡಿ ಸಿಗದಿದ್ದರೆ ಎಳೆಯ ಚಪ್ಪರದವರೆ ನಡೆಯುತ್ತದೆ.

ಲೀಲ್ವಾ: ಹಸಿ ಅವರೆಕಾಳು ಮತ್ತು ಹಸಿ ತೊಗರಿಕಾಳು. ಕಾಯಿ ತಂದು ಸುಲಿದರೆ ಅರ್ಧಕ್ಕಿಂತ ಕಡಿಮೆ ಕಾಳು ಸಿಗುತ್ತದೆ ಎಂಬುದನ್ನು ಲೆಕ್ಕದಲ್ಲಿ ಇಡಿ.

ಕಂದ್: ಒಳಗೆ ನೇರಳೆ ಬಣ್ಣದ ಗೆಣಸು. ಇಲ್ಲಿ ಒಂದು ಎಚ್ಚರಿಕೆ. ಗುಜರಾತಿಯಲ್ಲಿ 'ರತಾಳು' ಎಂದರೆ ಈ ನೇರಳೆ ಕಂದ್. ಮರಾಠಿಯಲ್ಲಿ 'ರತಾಳೆ' ಎಂದರೆ ಸಿಹಿಗೆಣಸು. ಗುಜರಾತಿ ಗಿರಾಕಿ ಬರೆದುಕೊಟ್ಟ ಚೀಟಿಯನ್ನು ಹುಡುಗನ ಕೈಯಲ್ಲಿ ದಾದರ್ ಮಾರ್ಕೆಟ್ಟಿಗೆ ಕಳಿಸಿದರೆ ಕಂದ್ ಬದಲು ಸಿಹಿಗೆಣಸು ಎರಡು ಪಾಲು ಬರುತ್ತದೆ. 'ನೇರಳೆ ಕಂದ್' ಎಂದು ಸ್ಪಷ್ಟವಾಗಿ ಹೇಳಿ ಕಳಿಸಿ. ಉಂಧಿಯುವಿಗೆ ಎರಡೂ ಬೇಕು, ಆದರೆ ಕಂದ್ ಇಲ್ಲದ್ದನ್ನು ಸೂರತ್‌ನವರು ಉಂಧಿಯು ಎಂದು ಒಪ್ಪುವುದಿಲ್ಲ.

ಬದನೆ: ನಿಂಬೆಹಣ್ಣಿನ ಗಾತ್ರದ ಗುಂಡು ಬದನೆ. ತೊಟ್ಟು ಹಸಿರಾಗಿರಬೇಕು.

ಬಾಳೆ: ವಸಾಯಿ ಕಡೆಯ ರಾಜೇಳಿ ಬಾಳೆ ಸಿಕ್ಕಿದರೆ ಉತ್ತಮ. ಇಲ್ಲವಾದರೆ ಅರೆಹಣ್ಣಾದ ನೇಂದ್ರ. ಪೂರ್ತಿ ಹಣ್ಣಾದದ್ದು ಕರಗಿ ಹೋಗುತ್ತದೆ.

ಹಸಿ ಬೆಳ್ಳುಳ್ಳಿ ಸೊಪ್ಪು: ಚಳಿಗಾಲದಲ್ಲಿ ಮಾತ್ರ ಬರುವ ಮಾಲು. ಬುಡದ ಬಿಳಿ, ಮೇಲಿನ ಹಸಿರು ಎರಡೂ ಬೇಕು. ಒಣ ಬೆಳ್ಳುಳ್ಳಿಗೆ ಆ ಪರಿಮಳ ಇಲ್ಲ.

ಕಂದ್, ಆಲೂಗಡ್ಡೆ, ಸಿಹಿಗೆಣಸು ಒಂದು ವಾರ ಮುಂಚೆ ತಂದಿಟ್ಟರೂ ಕೆಡುವುದಿಲ್ಲ. ಪಾಪ್ಡಿ ಮತ್ತು ಸೊಪ್ಪು ಮಾತ್ರ ಹಿಂದಿನ ದಿನವೇ ಬರಬೇಕು. ಸಂಕ್ರಾಂತಿಯ ಮುಂಚಿನ ಎರಡು ಮೂರು ದಿನ ಪಾಪ್ಡಿಯ ಬೆಲೆ ಏರುತ್ತದೆ. ಗೊತ್ತಿರುವ ವ್ಯಾಪಾರಿಗೆ ಮೊದಲೇ ಹೇಳಿಟ್ಟರೆ ಒಳ್ಳೆಯದು.

3. 10 ಕಿಲೋ ಉಂಧಿಯುವಿನ ಲೆಕ್ಕ

ಈ ಲೆಕ್ಕದಲ್ಲಿ ಸುಮಾರು 10 ಕಿಲೋ ತಯಾರಾಗುತ್ತದೆ. ತಾಲಿಯಲ್ಲಿ ತಲೆಗೆ 150ರಿಂದ 200 ಗ್ರಾಂ ಬಡಿಸಿದರೆ 50ರಿಂದ 60 ಜನಕ್ಕೆ ಸಾಕು.

ಪಾಪ್ಡಿ (ನಾರು ತೆಗೆದದ್ದು) – 2 ಕಿಲೋ
ಹಸಿ ಅವರೆಕಾಳು – 500 ಗ್ರಾಂ
ಹಸಿ ತೊಗರಿಕಾಳು – 500 ಗ್ರಾಂ
ನೇರಳೆ ಕಂದ್ – 1 ಕಿಲೋ 250 ಗ್ರಾಂ
ಸಣ್ಣ ಆಲೂಗಡ್ಡೆ – 1 ಕಿಲೋ 250 ಗ್ರಾಂ
ಸಿಹಿಗೆಣಸು – 1 ಕಿಲೋ
ಗುಂಡು ಬದನೆ – 1 ಕಿಲೋ
ಬಾಳೆ – 10

ಮುಠಿಯಾಕ್ಕೆ: ಬಿಡಿಸಿದ ಮೆಂತೆ ಸೊಪ್ಪು 500 ಗ್ರಾಂ, ಕಡಲೆಹಿಟ್ಟು 400 ಗ್ರಾಂ, ತರಿಯಾದ ಗೋಧಿಹಿಟ್ಟು 150 ಗ್ರಾಂ, ಎಣ್ಣೆ 80 ಗ್ರಾಂ, ಸಕ್ಕರೆ 30 ಗ್ರಾಂ, ಎಳ್ಳು 20 ಗ್ರಾಂ, ಓಮ ಒಂದು ಚಮಚ, ಅರಸಿನ, ಹಸಿಮೆಣಸು ಶುಂಠಿ ಅರೆದದ್ದು ಎರಡು ಚಮಚ, ಲಿಂಬೆ 1, ಸೋಡಾ ಕಾಲು ಚಮಚ, ಉಪ್ಪು.

ಹಸಿರು ಮಸಾಲೆಗೆ: ತೆಂಗಿನತುರಿ 700 ಗ್ರಾಂ, ಕೊತ್ತಂಬರಿ ಸೊಪ್ಪು 500 ಗ್ರಾಂ, ಹಸಿ ಬೆಳ್ಳುಳ್ಳಿ ಸೊಪ್ಪು 300 ಗ್ರಾಂ, ಹಸಿಮೆಣಸು 150 ಗ್ರಾಂ, ಶುಂಠಿ 150 ಗ್ರಾಂ, ಹುರಿದ ನೆಲಗಡಲೆ ತರಿಪುಡಿ 200 ಗ್ರಾಂ, ಎಳ್ಳು 100 ಗ್ರಾಂ, ಕೊತ್ತಂಬರಿ ಜೀರಿಗೆ ಪುಡಿ 60 ಗ್ರಾಂ, ಸಕ್ಕರೆ 100 ಗ್ರಾಂ, ಲಿಂಬೆ 6, ಉಪ್ಪು.

ಒಗ್ಗರಣೆಗೆ ನೆಲಗಡಲೆ ಎಣ್ಣೆ 800 ಮಿಲಿ ಲೀಟರ್, ಓಮ 25 ಗ್ರಾಂ, ಇಂಗು ಒಂದು ಚಮಚ, ಸೋಡಾ ಅರ್ಧ ಚಮಚ. ಕರಿಯುವ ಎಣ್ಣೆ ಬೇರೆ. ಉಪ್ಪು ಒಟ್ಟು ಸೇರಿ 120 ಗ್ರಾಂ ಸುತ್ತ ಇರಲಿ. ಅದನ್ನು ತೂಗಿ ಪಾಪ್ಡಿಗೆ, ಮಸಾಲೆಗೆ, ಮುಠಿಯಾಕ್ಕೆ ಮೂರು ಪಾಲು ಮಾಡಿ. ಮೂರು ಕಡೆಯೂ ಅಂದಾಜಿನಲ್ಲಿ ಹಾಕಿದರೆ ಕೊನೆಗೆ ಉಪ್ಪು ಹೆಚ್ಚಾಗುವುದು ಖಂಡಿತ.

4. ಮುಠಿಯಾ: ಮೊಸರು ನುಸುಳುವ ಮೊದಲ ಬಾಗಿಲು

ಮುಷ್ಟಿಯಲ್ಲಿ ಹಿಡಿದು ಮಾಡುವುದರಿಂದ ಮುಠಿಯಾ. ಅದು ಮೆತ್ತಗಾಗಲಿ ಎಂದು ಹಲವು ಭಟ್ಟರು ಮೊಸರು ಹಾಕುತ್ತಾರೆ. ಗಿರಾಕಿಗೆ ಇದು ಹೊರಗಿನಿಂದ ಕಾಣುವುದಿಲ್ಲ. ವೀಗನ್ ಎಂದು ಹೇಳಿ ಕೊಟ್ಟದ್ದು ಮೊದಲು ಸುಳ್ಳಾಗುವುದೇ ಇಲ್ಲಿ.

ಮೊಸರು ಮಾಡುವ ಕೆಲಸ ಎರಡು. ಹುಳಿ ಕೊಟ್ಟು ಸೋಡಾವನ್ನು ಎಬ್ಬಿಸುವುದು, ಹಿಟ್ಟಿಗೆ ಪಸೆ ಕೊಡುವುದು. ಲಿಂಬೆರಸ ಮೊದಲನೆಯ ಕೆಲಸ ಮಾಡುತ್ತದೆ. ಮೆಂತೆ ಸೊಪ್ಪಿನ ನೀರು ಮತ್ತು ಬಿಸಿ ಎಣ್ಣೆ ಎರಡನೆಯದನ್ನು ಮಾಡುತ್ತವೆ. ಆದ್ದರಿಂದ ಮೊಸರು ಬಿಟ್ಟರೆ ನಷ್ಟವೇನೂ ಇಲ್ಲ.

ಮೆಂತೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಉಪ್ಪು, ಸಕ್ಕರೆ ಬೆರೆಸಿ 10 ನಿಮಿಷ ಬಿಡಿ. ನೀರು ಬಿಡುತ್ತದೆ. ಅದನ್ನು ಹಿಂಡಿ ಚೆಲ್ಲಬೇಡಿ. ಅದಕ್ಕೇ ಹಿಟ್ಟುಗಳು, ಎಳ್ಳು, ಓಮ, ಮಸಾಲೆ, ಬಿಸಿ ಎಣ್ಣೆ, ಕೊನೆಗೆ ಸೋಡಾ ಹಾಕಿ ಅದರ ಮೇಲೆ ಲಿಂಬೆ ಹಿಂಡಿ. ಹಗುರ ಕೈಯಲ್ಲಿ ಒಟ್ಟುಗೂಡಿಸಿ. ಚಪಾತಿ ಹಿಟ್ಟಿನ ಹಾಗೆ ನಾದಿದರೆ ಮುಠಿಯಾ ಕಲ್ಲಾಗುತ್ತದೆ. ಹಿಟ್ಟು ಕೈಗೆ ಸ್ವಲ್ಪ ಅಂಟುವ ಹಾಗಿದ್ದರೆ ಸರಿ.

ಮೊದಲು ಒಂದೇ ಒಂದು ಕರಿದು ನೋಡಿ. ಎಣ್ಣೆಯಲ್ಲಿ ಒಡೆದರೆ ಒಂದು ಹಿಡಿ ಹಿಟ್ಟು ಸೇರಿಸಿ. ಗಟ್ಟಿಯಾದರೆ ಒಂದೆರಡು ಚಮಚ ನೀರು ಚಿಮುಕಿಸಿ. ಉರಿ ಮಧ್ಯಮ ಇರಲಿ. ದೊಡ್ಡ ಉರಿಯಲ್ಲಿ ಹೊರಗೆ ಕಂದಾಗಿ ಒಳಗೆ ಹಸಿ ಉಳಿಯುತ್ತದೆ, ಆ ಹಸಿಹಿಟ್ಟು ಮುಂದೆ ಪಾತ್ರೆಯಲ್ಲಿ ಬಿಚ್ಚಿಕೊಂಡು ಇಡೀ ಉಂಧಿಯುವನ್ನು ಗಂಜಿ ಮಾಡುತ್ತದೆ. ಮುಠಿಯಾವನ್ನು ಹಿಂದಿನ ದಿನ ಸಂಜೆಯೇ ಕರಿದು ಆರಿಸಿ ಇಡಬಹುದು.

5. ಗೆಡ್ಡೆಗಳು ಮತ್ತು ಹಸಿರು ಮಸಾಲೆ

ಕಂದ್ ಸಿಪ್ಪೆ ತೆಗೆಯುವಾಗ ಲೋಳೆ ಬರುತ್ತದೆ, ಕೆಲವರಿಗೆ ಕೈ ತುರಿಸುತ್ತದೆ. ಕೈಗೆ ಎಣ್ಣೆ ಸವರಿಕೊಳ್ಳಲಿ. ಒಂದೂವರೆ ಇಂಚಿನ ದೊಡ್ಡ ತುಂಡು ಮಾಡಿ ನೀರಿನಲ್ಲಿ ಹಾಕಿ, ಇಲ್ಲವಾದರೆ ಕಪ್ಪಾಗುತ್ತದೆ. ಕರಿಯುವ ಮೊದಲು ಬಟ್ಟೆಯಲ್ಲಿ ಒರೆಸಿ ನೀರು ತೆಗೆಯಬೇಕು. ಕಂದ್, ಸಿಹಿಗೆಣಸು, ಆಲೂಗಡ್ಡೆಗಳನ್ನು ಬೇರೆ ಬೇರೆಯಾಗಿ, ಮುಕ್ಕಾಲು ಬೇಯುವಷ್ಟು ಕರಿಯಿರಿ. ಎಣ್ಣೆ ಕಡಿಮೆ ಬೇಕೆನ್ನುವವರಿಗೆ ಇಡ್ಲಿ ಸ್ಟೀಮರಿನಲ್ಲಿ 8ರಿಂದ 10 ನಿಮಿಷ ಹಬೆಯಲ್ಲಿ ಬೇಯಿಸಬಹುದು. ಆದರೆ ಟೆಂಪೋದಲ್ಲಿ ಸಾಗಿಸುವ ಆರ್ಡರಿಗೆ ಕರಿದದ್ದೇ ಗಟ್ಟಿ, ಮುರಿಯುವುದಿಲ್ಲ.

ಕರಿಯುವ ಎಣ್ಣೆ ಹೊಸದಾಗಿರಬೇಕು. ಬೆಳಿಗ್ಗೆ ಪನೀರ್ ಪಕೋಡ ಕರಿದ ಬಾಣಲೆಯಲ್ಲೇ ಇದನ್ನೂ ಕರಿದರೆ ಅದು ವೀಗನ್ ಅಲ್ಲ, ಹಾಲು ಆಗದ ಮಗುವಿಗೆ ಕೊಡುವಂಥದ್ದೂ ಅಲ್ಲ.

ಮಸಾಲೆಯ ಸೊಪ್ಪನ್ನು ಗ್ರೈಂಡರಿಗೆ ಹಾಕಬೇಡಿ. ಚೂರಿಯಲ್ಲಿ ಸಣ್ಣಗೆ ಹೆಚ್ಚಬೇಕು. ನುಣ್ಣಗೆ ಅರೆದರೆ ನೀರು ಬಿಟ್ಟು ಚಟ್ನಿಯಾಗುತ್ತದೆ, ತರಕಾರಿಗೆ ಹಿಡಿದು ನಿಲ್ಲುವುದಿಲ್ಲ. ಹಸಿಮೆಣಸು, ಶುಂಠಿ ಮಾತ್ರ ಜಜ್ಜಿ. ತೆಂಗಿನತುರಿ, ನೆಲಗಡಲೆ, ಎಳ್ಳು, ಪುಡಿ, ಸಕ್ಕರೆ, ಉಪ್ಪು ಬೆರೆಸಿ. ಒಂದು ಪಾಲು ಬದನೆ ಮತ್ತು ಬಾಳೆಗೆ ತುಂಬಲು, ಎರಡು ಪಾಲು ಪದರಗಳ ನಡುವೆ ಹರಡಲು. ಬದನೆಯ ತೊಟ್ಟು ಉಳಿಸಿ ನಾಲ್ಕು ಸೀಳು ಮಾಡಿ ತುಂಬಿ. ಬಾಳೆಯನ್ನು ಸಿಪ್ಪೆ ಸಮೇತ ಎರಡು ತುಂಡು ಮಾಡಿ, ಉದ್ದಕ್ಕೆ ಸೀಳಿ ತುಂಬಿ. ಲಿಂಬೆರಸವನ್ನು ಈಗ ಹಾಕಬೇಡಿ. ಕಾರಣ ಮುಂದೆ ಹೇಳುತ್ತೇನೆ.

6. ಪದರ ಹಾಕುವ ಕ್ರಮ

ಉಂಧಿಯುವಿನ ಗುಟ್ಟು ಇರುವುದು ಇಲ್ಲಿ. ಬೇಯಲು ಹೆಚ್ಚು ಹೊತ್ತು ಬೇಕಾದದ್ದು ಕೆಳಗೆ, ಬೇಗ ಒಡೆಯುವಂಥದ್ದು ಮೇಲೆ. ಒಮ್ಮೆ ಹಾಕಿದ ಮೇಲೆ ಸೌಟು ಆಡಿಸಬಾರದು. ನಮ್ಮ ಭಟ್ಟರಿಗೆ ಸೌಟು ಆಡಿಸದೆ ಸಮಾಧಾನ ಇಲ್ಲ. ಅದರಿಂದಲೇ ಹಲವು ಹೋಟೆಲುಗಳ ಉಂಧಿಯು ಮಿಕ್ಸ್ ವೆಜ್ ಭಾಜಿಯ ಹಾಗೆ ಆಗುವುದು.

ಪಾತ್ರೆ ದಪ್ಪ ತಳದ್ದು, ಅಗಲ ಬಾಯಿಯದ್ದು, ಎರಡು ಬದಿ ಹಿಡಿ ಇರುವಂಥದ್ದಾಗಲಿ. ತರಕಾರಿಯ ಎತ್ತರ ಒಂದು ಗೇಣು ಮೀರಬಾರದು. ಮೀರಿದರೆ ಮೇಲಿನ ಭಾರಕ್ಕೆ ಕೆಳಗಿನ ಪಾಪ್ಡಿ ಜಜ್ಜಿಹೋಗುತ್ತದೆ. 50 ಕಿಲೋ ಆರ್ಡರ್ ಇದ್ದರೆ ಒಂದೇ ದೊಡ್ಡ ಹಂಡೆಯಲ್ಲಿ ಮಾಡಬೇಡಿ, 10 ಕಿಲೋದ ಐದು ಪಾತ್ರೆ ಇಡಿ.

ಒಂದನೆಯ ಹಂತ: ಎಣ್ಣೆ ಕಾಯಿಸಿ ಓಮ, ಇಂಗು ಹಾಕಿ. ಓಮ ಸಿಡಿದ ಕೂಡಲೇ ಪಾಪ್ಡಿ, ಅವರೆಕಾಳು, ತೊಗರಿಕಾಳು, ಸೋಡಾ, ಪಾಪ್ಡಿಯ ಪಾಲಿನ ಉಪ್ಪು ಹಾಕಿ. ಇಲ್ಲಿ ಮಾತ್ರ ಎರಡು ನಿಮಿಷ ಸೌಟು ಆಡಿಸಬಹುದು. ಬಿಸಿನೀರು 1 ಲೀಟರ್ ಹಾಕಿ ಮುಚ್ಚಿ 10 ನಿಮಿಷ ಬೇಯಿಸಿ.

ಎರಡನೆಯ ಹಂತ: ಮೇಲೆ ಮಸಾಲೆಯ ಒಂದು ಪದರ ಹರಡಿ, ತುಂಬಿದ ಬದನೆ ಸಾಲಾಗಿ ಇಡಿ. ಮುಚ್ಚಿ ಸಣ್ಣ ಉರಿಯಲ್ಲಿ 10 ನಿಮಿಷ.

ಮೂರನೆಯ ಹಂತ: ಕರಿದ ಕಂದ್, ಆಲೂಗಡ್ಡೆ, ಸಿಹಿಗೆಣಸು ಹರಡಿ ಇನ್ನೊಂದು ಪದರ ಮಸಾಲೆ. ಪಾತ್ರೆಯ ಅಂಚಿನಿಂದ ಅರ್ಧ ಲೀಟರ್ ಬಿಸಿನೀರು ಬಿಡಿ. ಮಧ್ಯದಲ್ಲಿ ಸುರಿದರೆ ಮಸಾಲೆ ತೊಳೆದು ಕೆಳಗಿಳಿಯುತ್ತದೆ. 10 ನಿಮಿಷ.

ನಾಲ್ಕನೆಯ ಹಂತ: ಮುಠಿಯಾ, ಅದರ ಮೇಲೆ ಬಾಳೆ, ಉಳಿದ ಮಸಾಲೆ. ಮತ್ತೆ 10 ನಿಮಿಷ ಸಣ್ಣ ಉರಿ. ನಂತರ ಒಲೆ ಆರಿಸಿ ಮುಚ್ಚಳ ತೆಗೆಯದೆ 15 ನಿಮಿಷ ಬಿಡಿ. ಕೊನೆಗೆ ಲಿಂಬೆರಸ ಹಿಂಡಿ, ಪಾತ್ರೆಯನ್ನು ಇಬ್ಬರು ಎರಡೂ ಹಿಡಿಗಳಲ್ಲಿ ಹಿಡಿದು ನಾಲ್ಕೈದು ಸಲ ಮೆಲ್ಲಗೆ ಅಲ್ಲಾಡಿಸಿ. ಬೆರೆಯಲು ಅಷ್ಟು ಸಾಕು.

ಮುಚ್ಚಳದ ಬದಲು ಅಗಲ ತಟ್ಟೆ ಮುಚ್ಚಿ, ತಟ್ಟೆಯಲ್ಲಿ ನೀರು ಹಾಕುವುದು ಹಳೆಯ ಪದ್ಧತಿ. ಮೇಲಿನ ನೀರಿನಿಂದ ತಟ್ಟೆ ತಣ್ಣಗಿರುತ್ತದೆ, ಒಳಗಿನ ಹಬೆ ನೀರಾಗಿ ಮತ್ತೆ ತರಕಾರಿಯ ಮೇಲೆ ಬೀಳುತ್ತದೆ. ಅಡಿ ಹಿಡಿಯುವುದಿಲ್ಲ. ಹೆಚ್ಚು ನೀರು ಸುರಿಯಬೇಕಾಗಿಯೂ ಇಲ್ಲ.

ಸೋಡಾ ಮತ್ತು ಲಿಂಬೆಯ ವಿಷಯ: ಮುಚ್ಚಿ ಬೇಯಿಸುವಾಗ ತರಕಾರಿಯಲ್ಲಿರುವ ಹುಳಿ ಅಂಶ ಹಬೆಯೊಡನೆ ಹೊರಗೆ ಹೋಗದೆ ಒಳಗೇ ಉಳಿಯುತ್ತದೆ. ಹುಳಿ ತಗಲಿದರೆ ಪಾಪ್ಡಿಯ ಹಸಿರು ಕಂದಾಗುತ್ತದೆ. ಸೋಡಾ ಆ ಹುಳಿಯನ್ನು ತಡೆದು ಬಣ್ಣ ಉಳಿಸುತ್ತದೆ, ಸಿಪ್ಪೆಯನ್ನೂ ಮೆತ್ತಗೆ ಮಾಡುತ್ತದೆ. ಆದರೆ ಅಳತೆ ಮೀರಿದರೆ ಪಾಪ್ಡಿ ಕರಗಿ ಸಾಬೂನಿನ ವಾಸನೆ ಬರುತ್ತದೆ. ಲಿಂಬೆ ಕೊನೆಗೆ ಹಾಕಬೇಕೆನ್ನುವುದೂ ಇದೇ ಕಾರಣಕ್ಕೆ.

7. ಹಾಲು, ತುಪ್ಪ ನುಸುಳುವ ಉಳಿದ ಜಾಗಗಳು

ಮುಠಿಯಾದ ಮೊಸರು ಮತ್ತು ಕರಿಯುವ ಎಣ್ಣೆಯ ವಿಷಯ ಹೇಳಿದ್ದಾಯಿತು. ಉಳಿದವು ಇವು.

ಬಡಿಸುವಾಗ ಮೇಲೆ ಒಂದು ಸೌಟು ತುಪ್ಪ. ಕ್ಯಾಪ್ಟನ್ ಅಥವಾ ಸಪ್ಲೈಯರ್ ಅಭ್ಯಾಸಬಲದಿಂದ ಹಾಕಿಬಿಡುತ್ತಾನೆ. ಪೂರಿ ಹಿಟ್ಟಿಗೆ ಹಾಕುವ ಹಾಲು. ಜಿಲೇಬಿ ಹಿಟ್ಟನ್ನು ಹುಳಿ ಬರಿಸಲು ಹಾಕುವ ಮೊಸರು, ಕರಿಯುವ ತುಪ್ಪ. ಕೆಲವು ರೆಡಿ ಮಸಾಲೆ ಮತ್ತು ಮಾರ್ಗರೀನ್ ಪ್ಯಾಕೆಟ್ಟುಗಳಲ್ಲಿ ಇರುವ ಹಾಲಿನ ಅಂಶ. ಇದಕ್ಕೆ ಪ್ಯಾಕೆಟ್ಟಿನ ಹಿಂಬದಿ ಓದುವುದೊಂದೇ ಉಪಾಯ. ಎಳ್ಳುಂಡೆ ಕಟ್ಟುವಾಗ ಅಂಗೈಗೆ ಸವರುವ ತುಪ್ಪ. ಮತ್ತೆ ಪನೀರ್ ಗ್ರೇವಿಯ ಸೌಟನ್ನೇ ಉಂಧಿಯುವಿಗೂ ಅದ್ದುವುದು.

ಇದಕ್ಕೆ ದೊಡ್ಡ ಖರ್ಚಿನ ಏರ್ಪಾಡು ಬೇಡ. ಒಂದು ಪಾತ್ರೆ, ಒಂದು ಬಾಣಲೆ, ಎರಡು ಸೌಟು ಬೇರೆ ಇಟ್ಟು, ಹಿಡಿಗೆ ಬಣ್ಣದ ಟೇಪು ಸುತ್ತಿ. ಭಟ್ಟರಿಗೂ ಹುಡುಗರಿಗೂ 'ವೀಗನ್' ಎಂಬ ಪದ ಕಲಿಸುವ ಬದಲು, "ಇದಕ್ಕೆ ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನು ಐದೂ ಇಲ್ಲ" ಎಂದು ಐದು ಬೆರಳು ಮಡಿಸಿ ಹೇಳಿಕೊಡಿ. ಮರೆಯುವುದಿಲ್ಲ.

ಕಾಯ್ದೆಯ ಮಾತು: ಎಫ್‌ಎಸ್‌ಎಸ್‌ಎಐ 2022ರಲ್ಲಿ ವೀಗನ್ ಆಹಾರಕ್ಕೆಂದೇ ನಿಯಮ ಹೊರಡಿಸಿದೆ. ಪದಾರ್ಥದಲ್ಲಷ್ಟೇ ಅಲ್ಲ, ತಯಾರಿಸುವ ಹಂತದಲ್ಲೂ ಪ್ರಾಣಿಮೂಲದ್ದು ಏನೂ ಸೇರಬಾರದು ಎನ್ನುತ್ತದೆ ಆ ನಿಯಮ. ವೀಗನ್ ಲೋಗೋ ಹಾಕಲು ಅನುಮತಿ ಪಡೆಯಬೇಕು. ಆದ್ದರಿಂದ ಪ್ರಿಂಟಿಂಗ್ ಪ್ರೆಸ್ಸಿನವನು ಕಂಪ್ಯೂಟರಿನಿಂದ ತೆಗೆದುಕೊಟ್ಟ ಲೋಗೋವನ್ನು ಡಬ್ಬಿಗೆ ಅಂಟಿಸಬೇಡಿ. ನಿಮ್ಮ ಲೈಸೆನ್ಸ್ ಕೆಲಸ ನೋಡುವವರನ್ನು ಕೇಳಿ ಮುಂದುವರಿಯಿರಿ. "ನೆಲಗಡಲೆ ಎಣ್ಣೆಯಲ್ಲಿ ಮಾಡಿದ್ದು, ಹಾಲಿನ ಪದಾರ್ಥ ಹಾಕಿಲ್ಲ, ನೆಲಗಡಲೆ, ಎಳ್ಳು, ಗೋಧಿ ಇದೆ" ಎಂದು ಸರಳವಾಗಿ ಬರೆದ ಚೀಟಿ ಗಿರಾಕಿಗೆ ಹೆಚ್ಚು ಉಪಯೋಗ. ನೆಲಗಡಲೆ, ಎಳ್ಳು ಆಗದವರೂ ಇದ್ದಾರೆ. ಅದೇ ಅಡುಗೆಮನೆಯಲ್ಲಿ ಹಾಲಿನ ಅಡುಗೆಯೂ ನಡೆಯುತ್ತದೆ ಎಂಬುದನ್ನು ಅಲರ್ಜಿ ಇರುವವರಿಗೆ ಮುಚ್ಚಿಡದೆ ಹೇಳಬೇಕು. ತೆಗೆದುಕೊಳ್ಳುವುದು, ಬಿಡುವುದು ಅವರ ತೀರ್ಮಾನ.

8. ತಾಲಿಯಲ್ಲಿ ಜೊತೆಗೇನು

ಗುಜರಾತಿ ಪದ್ಧತಿಯಲ್ಲಿ ಉಂಧಿಯುವಿಗೆ ಪೂರಿ, ಜಿಲೇಬಿ, ಕೆಲವರಲ್ಲಿ ಶ್ರೀಖಂಡ. ವೀಗನ್ ತಾಲಿಗೆ ಪೂರಿಯನ್ನು ನೀರು, ಎಣ್ಣೆಯಲ್ಲಿ ಕಲಸಿ. ಸಿಹಿಗೆ ಬೆಲ್ಲದ ಎಳ್ಳುಚಿಕ್ಕಿ, ಕೈಗೂ ತಟ್ಟೆಗೂ ತುಪ್ಪದ ಬದಲು ಎಣ್ಣೆ ಸವರಿ. ಮಜ್ಜಿಗೆಯ ಬದಲು ನಮ್ಮ ಕರಾವಳಿಯ ಪುನರ್ಪುಳಿ ಇದೆಯಲ್ಲ, ತೆಂಗಿನ ಹಾಲು ಹಾಕಿದ ಸೋಲ್‌ಕಡಿ. ಬಣ್ಣಕ್ಕೆ ಬಣ್ಣ, ಎಣ್ಣೆಯ ಊಟ ಜೀರ್ಣವಾಗಲು ಅದಕ್ಕಿಂತ ಹಿತವಾದದ್ದಿಲ್ಲ. ಹೀಗೆ ಮಾಡಿದರೆ ಗಿರಾಕಿಗೆ ಏನೋ ಬಿಟ್ಟುಕೊಟ್ಟ ಹಾಗೆ ಅನ್ನಿಸುವುದಿಲ್ಲ, ಹಬ್ಬದೂಟವೇ ಉಂಡ ಹಾಗಿರುತ್ತದೆ.

ಜೈನ್ ಆರ್ಡರ್ ಬೇರೆ, ವೀಗನ್ ಆರ್ಡರ್ ಬೇರೆ. ಎರಡನ್ನೂ ಒಂದು ಮಾಡಬೇಡಿ. ಜೈನರಿಗೆ ಕಂದ್, ಆಲೂಗಡ್ಡೆ, ಸಿಹಿಗೆಣಸು, ಬೆಳ್ಳುಳ್ಳಿ, ಹಸಿ ಶುಂಠಿ ಆಗುವುದಿಲ್ಲ, ಬದನೆಯನ್ನೂ ಅನೇಕರು ಬಿಡುತ್ತಾರೆ. ಅವರಿಗೆ ಬಾಳೆಕಾಯಿ, ತೊಂಡೆಕಾಯಿ, ಪಾಪ್ಡಿ, ಕಾಳು ಮತ್ತು ಮುಠಿಯಾ ಹೆಚ್ಚಿಸಿ ಬೇರೆ ಪಾತ್ರೆಯಲ್ಲಿ ಮಾಡಬೇಕು. ಆರ್ಡರ್ ಪುಸ್ತಕದಲ್ಲಿ ಎರಡಕ್ಕೂ ಬೇರೆ ಬೇರೆ ಕಾಲಮ್ ಇರಲಿ.

9. ಬೆಲೆ ಕಟ್ಟುವುದು, ಪಾರ್ಸೆಲ್, ಉಳಿಕೆ

ಬೆಲೆಯನ್ನು ಮಾರ್ಕೆಟ್ ಚೀಟಿಯಿಂದ ಕಟ್ಟಬೇಡಿ, ಸ್ವಚ್ಛ ಮಾಡಿದ ಮಾಲಿನ ತೂಕದಿಂದ ಕಟ್ಟಿ. ಉದಾಹರಣೆಗೆ ಪಾಪ್ಡಿಯನ್ನು ಕಿಲೋಗೆ 160 ರೂಪಾಯಿಗೆ ತಂದಿರಿ, ನಾರು, ಹುಳುಕು ತೆಗೆದು 800 ಗ್ರಾಂ ಉಳಿಯಿತು ಎಂದುಕೊಳ್ಳಿ. ಆಗ ನಿಮಗೆ ಬಿದ್ದ ಬೆಲೆ ಕಿಲೋಗೆ 200. ಸುಲಿಯುವ, ನಾರು ತೆಗೆಯುವ ಕೂಲಿಯೂ ಸೇರಬೇಕು. ಉಂಧಿಯುವಿನಲ್ಲಿ ಅಡುಗೆಗಿಂತ ಬಿಡಿಸುವ ಕೆಲಸ ದೊಡ್ಡದು. ಪಕ್ಕದ ಫರ್ಸಾಣ್ ಅಂಗಡಿಯವನ ಬೆಲೆ ನೋಡಿ ನಿಮ್ಮ ಬೆಲೆ ಇಳಿಸಿದರೆ ಕೈಯಿಂದ ಕಳೆದುಕೊಳ್ಳುತ್ತೀರಿ, ಅಥವಾ ಕಂದ್ ಕಡಿಮೆ ಮಾಡಿ ಆಲೂಗಡ್ಡೆ ಹೆಚ್ಚಿಸಿ ಹೆಸರು ಕಳೆದುಕೊಳ್ಳುತ್ತೀರಿ.

ಮುಂಗಡ ಇಲ್ಲದೆ ಹಬ್ಬದ ಆರ್ಡರ್ ಹಿಡಿಯಬೇಡಿ. ಜನವರಿ 12ರ ಸಂಜೆಗೆ ಪುಸ್ತಕ ಮುಚ್ಚಿ, 13ರಂದು ಪಾಪ್ಡಿ ತನ್ನಿ. ಅಂದು ಸಂಜೆ ಬಿಡಿಸಿ, ಒದ್ದೆ ಬಟ್ಟೆ ಹೊದಿಸಿ ಫ್ರಿಜ್ಜಿನಲ್ಲಿ ಇಟ್ಟು, 14ರ ಬೆಳಗಿನ ಜಾವ ಒಲೆ ಹಚ್ಚಿದರೆ ಹತ್ತು ಗಂಟೆಗೆ ಮಾಲು ಹೊರಡುತ್ತದೆ.

ಹಸಿ ತೆಂಗು ಇರುವುದರಿಂದ ಉಂಧಿಯು ಬೇಗ ಹಳಸುತ್ತದೆ. ಬಿಸಿ ಇಡುವುದಾದರೆ 65 ಡಿಗ್ರಿಗಿಂತ ಕಡಿಮೆಯಾಗಬಾರದು. ಇಲ್ಲವಾದರೆ ಅಗಲ ಟ್ರೇಗಳಲ್ಲಿ ಹರಡಿ ಎರಡು ಗಂಟೆಯೊಳಗೆ ಆರಿಸಿ ಫ್ರಿಜ್ಜಿಗೆ ಸೇರಿಸಿ. ಬಿಸಿ ಬಿಸಿಯಾಗಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒತ್ತಿ ತುಂಬಿ ಮುಚ್ಚಿದರೆ ಒಳಗೆ ಬೆವರು ಬಂದು ಮಧ್ಯಾಹ್ನಕ್ಕೇ ಹುಳಿ ವಾಸನೆ ಹೊಡೆಯುತ್ತದೆ. ಡಬ್ಬಿ ತುಂಬುವಾಗಲೂ ಸೌಟನ್ನು ತಳದಿಂದ ಮೇಲಕ್ಕೆ ಒಂದೇ ಬಾರಿ ಎತ್ತಿ. ಪ್ರತಿ ಡಬ್ಬಿಗೂ ಎಲ್ಲ ಪದರ ಬರಬೇಕು. ಒಬ್ಬರಿಗೆ ಬರೀ ಪಾಪ್ಡಿ, ಇನ್ನೊಬ್ಬರಿಗೆ ಬರೀ ಮುಠಿಯಾ ಹೋದರೆ ಮುಂದಿನ ವರ್ಷ ಇಬ್ಬರೂ ಬರುವುದಿಲ್ಲ.

ಉಳಿದದ್ದನ್ನು ಮಾರನೆಯ ದಿನದ ಪಾವ್‌ಭಾಜಿಗೆ ಬೆರೆಸುವ ಯೋಚನೆ ಬೇಡ. ಆರ್ಡರಿನಷ್ಟೇ ಮಾಡಿ, ಕೌಂಟರ್ ಮಾರಾಟಕ್ಕೆ ಒಂದು ಪಾತ್ರೆ ಹೆಚ್ಚು ಮಾಡಿದರೆ ಸಾಕು. ಸಂಜೆಗೆ ಮುಗಿಯಿತು ಎಂದು ಹೇಳುವುದರಲ್ಲಿ ಅವಮಾನ ಏನಿಲ್ಲ.

ಕೊನೆಯ ಮಾತು. ಹಬ್ಬದ ತಿಂಗಳು ಬರುವ ಮೊದಲೇ, ಪಾಪ್ಡಿ ಮಾರ್ಕೆಟ್ಟಿಗೆ ಬಂದ ಕೂಡಲೇ, 2 ಕಿಲೋ ಮಾತ್ರ ಮಾಡಿ ನೋಡಿ. ಮೇಲಿನ ಲೆಕ್ಕವನ್ನು ಐದರಿಂದ ಭಾಗಿಸಿದರೆ ಆಯಿತು. ನಿಮ್ಮ ಹೋಟೆಲಿಗೆ ದಿನಾ ಬರುವ ಹಿರಿಯ ಗುಜರಾತಿ ಗಿರಾಕಿ ಯಾರಾದರೂ ಇದ್ದೇ ಇರುತ್ತಾರೆ, ಅವರ ಮನೆಗೆ ಒಂದು ಡಬ್ಬಿ ಕಳಿಸಿ, ಹೇಗಾಗಿದೆ ಎಂದು ಆ ಮನೆಯ ಬೆನ್ ಅವರನ್ನು ಕೇಳಿ. ಅವರು ಹೇಳುವ ಎರಡು ಮಾತಿನಲ್ಲಿ ಈ ಲೇಖನದಲ್ಲಿ ಇಲ್ಲದ ಪಾಠ ಸಿಗುತ್ತದೆ. ಭಟ್ಟರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೇಳಿ.

ಎಲ್ಲ ಸದಸ್ಯ ಬಾಂಧವರಿಗೂ ಸಂಕ್ರಾಂತಿಯ ಶುಭಾಶಯಗಳು. ಎಳ್ಳು ಬೆಲ್ಲದ ಜೊತೆಗೆ ಗಲ್ಲಾ ಪೆಟ್ಟಿಗೆಯೂ ತುಂಬಲಿ.